ಅರ್ಧ ಶೂ ಹಿಂದಕ್ಕೆ

ಬಡಗಿಗೆ ಇಬ್ಬರು ಹೆಣ್ಣುಮಕ್ಕಳು, ಇಬ್ಬರು ಅಳಿಯಂದಿರು. ಅಳಿಯಂದಿರಿಬ್ಬರೂ ಉದ್ದಜಿಗಿತದವರು. ಹೀಗೂ ಉಂಟೇ ಎಂದು ಹುಬ್ಬೇರಿಸಬೇಡಿ. ಮೊದಲನೆಯವನೇ ಎರಡನೆಯವನನ್ನು ಅಭ್ಯಾಸದ ಮೈದಾನಕ್ಕೆ ಕರೆತಂದ, ಹುಡುಗ ಒಬ್ಬನೇ ಇದ್ದಾನೆ ಪಾಪ ಎಂದು ಮಾವನ ಮನೆಗೆ ಊಟಕ್ಕೂ ಕರೆತಂದ, ನಾದಿನಿ ಬಡಿಸಿದಳು, ಉಳಿದದ್ದೆಲ್ಲ ತಾನಾಗಿಯೇ ಆಯಿತು. ಕೈಯಾರೆ ತಂದುಕೊಂಡ ಷಡ್ಡಕ ಎಂದು ಮೊದಲ ವರ್ಷ ದೊಡ್ಡಳಿಯ ನಗುತ್ತ ಹೇಳುತ್ತಿದ್ದ. ಮೂರನೆಯ ವರ್ಷದ ಹೊತ್ತಿಗೆ ಹೇಳುವುದನ್ನೇ ಬಿಟ್ಟಿದ್ದ.

ಮನೆಯಲ್ಲಿ ಕರೆದ ಹೆಸರು ಮೈದಾನಕ್ಕೂ ಹಬ್ಬಿ, ಕೋಚ್ ಕೂಡ ಅವರನ್ನು ದೊಡ್ಡಳಿಯ, ಚಿಕ್ಕಳಿಯ ಎಂದೇ ಕರೆಯುತ್ತಿದ್ದರು. ದೊಡ್ಡಳಿಯನಿಗೆ ಮೂವತ್ತಮೂರು. ದೇಶದ ದಾಖಲೆ ಒಂಬತ್ತು ವರ್ಷಗಳಿಂದ ಅವನದೇ, ಎಂಟು ಮೀಟರು ಹತ್ತೊಂಬತ್ತು. ಅದು ಆದ ವಾರವೇ ಮಾವ ತನ್ನ ಮರಗೆಲಸದ ಶೆಡ್ಡಿನ ನೆಲದ ಮೇಲೆ, ಬಾಗಿಲಿನಿಂದ ಗರಗಸದ ಯಂತ್ರದವರೆಗೆ ಅಳೆದು, ಎರಡು ಹಳದಿ ಗೆರೆ ಎಳೆದಿದ್ದ. ಕುರ್ಚಿ ಕೊಳ್ಳಲು ಬಂದವರನ್ನೆಲ್ಲ ಒಂದು ಗೆರೆಯ ಮೇಲೆ ನಿಲ್ಲಿಸಿ, ಅಗೋ ಅಲ್ಲಿಗೆ ಹಾರಿದ ನಮ್ಮ ಅಳಿಯ ಎಂದು ತೋರಿಸುವುದು ಅವನ ವ್ಯಾಪಾರದ ಭಾಗವೇ ಆಗಿಹೋಗಿತ್ತು. ಆದರೆ ಈಚೆಗೆ ದೊಡ್ಡಳಿಯ ಶೆಡ್ಡಿಗೆ ಹೋದಾಗಲೆಲ್ಲ ಮಾವ, ಚಿಕ್ಕೋನು ಈಗ ಎಷ್ಟು ಹಾರ್ತಾನೆ ಎಂದು ಕೇಳುತ್ತಿದ್ದ. ಈ ಸಲದ ಅಂತರರಾಷ್ಟ್ರೀಯ ಚಾಂಪಿಯನ್‌ಷಿಪ್ಪಿಗೆ ಹೊರಡುವ ಹಿಂದಿನ ದಿನ ನೋಡಿದರೆ, ಎಲ್ಲೋ ಮೂಲೆಯಲ್ಲಿದ್ದ ಹಳದಿ ಬಣ್ಣದ ಡಬ್ಬಿ ಕೈಗೆ ಸಿಗುವ ಹಾಗೆ ಹಲಗೆಗಳ ಮೇಲೆ ಬಂದು ಕೂತಿತ್ತು. ಬಾಗಿಲಿಗೆ ಬಳಿಯೋಕೆ ಎಂದ ಮಾವ. ಆ ಬಾಗಿಲು ನೀಲಿ ಬಣ್ಣದ್ದು.

ಅದನ್ನು ನೋಡಿದಾಗಿನಿಂದ ದೊಡ್ಡಳಿಯನಿಗೆ ಸರಿಯಾಗಿ ಊಟ ಸೇರಿರಲಿಲ್ಲ. ಫೈನಲ್ಲಿನ ಮಧ್ಯಾಹ್ನ ಇಬ್ಬರಿಗೂ ಕೊಟ್ಟಿದ್ದ ಕೋಣೆಯಲ್ಲಿ ಚಿಕ್ಕಳಿಯ ಬಾಯಿ ತೆರೆದುಕೊಂಡು ಎರಡು ತಾಸು ನಿದ್ದೆ ಹೊಡೆದ. ದೊಡ್ಡಳಿಯ ಪಕ್ಕದ ಮಂಚದಲ್ಲಿ ಅಂಗಾತ ಬಿದ್ದು, ಇಂಥ ದಿನವೂ ನಿದ್ದೆ ಮಾಡುವವನಿಗೆ ದೇವರು ಕಾಲು ಬೇರೆ ಕೊಟ್ಟನಲ್ಲ ಎಂದುಕೊಂಡ. ಹೊಟ್ಟೆಕಿಚ್ಚು ಎಂಬ ಮಾತನ್ನು ಅವನು ತನ್ನ ಬಗ್ಗೆ ಎಂದೂ ಬಳಸಿದವನಲ್ಲ. ನಾವು ಬಳಸೋಣ, ಅದು ಹೊಟ್ಟೆಕಿಚ್ಚೇ.

ಉದ್ದಜಿಗಿತದಲ್ಲಿ ಜನ ಹಾರುವುದನ್ನು ನೋಡುತ್ತಾರೆ. ಹಾರುವವನ ಜೀವ ಇರುವುದು ಓಟದಲ್ಲಿ. ನಲವತ್ತು ಮೀಟರು ಉಸಿರು ಬಿಗಿಹಿಡಿದು ಓಡಿಬಂದು, ಒಂದು ಗೇಣು ಅಗಲದ ಬಿಳಿ ಹಲಗೆಯ ಮೇಲೆ ಕಾಲಿಟ್ಟು ಚಿಮ್ಮಬೇಕು. ಹಲಗೆಯ ಆಚೆ ಅಂಚನ್ನು ಕೂದಲೆಳೆಯಷ್ಟು ದಾಟಿದರೂ ಕೆಂಪು ಬಾವುಟ, ಹಾರಿದ್ದೆಲ್ಲ ದಂಡ. ಆದ್ದರಿಂದ ಪ್ರತಿಯೊಬ್ಬನೂ ಓಟ ಶುರುಮಾಡುವ ಜಾಗದಲ್ಲಿ ಒಂದು ತುಂಡು ಟೇಪು ಗುರುತಿಗೆ ಅಂಟಿಸಿಕೊಂಡಿರುತ್ತಾನೆ. ಬೆನ್ನಿಗೆ ಗಾಳಿ ಬಿದ್ದರೆ ಹೆಜ್ಜೆ ಉದ್ದವಾಗುತ್ತದೆ, ಆಗ ಗುರುತನ್ನು ಒಂದು ಶೂವಿನುದ್ದವೋ ಅರ್ಧವೋ ಹಿಂದಕ್ಕೆ ಹಾಕಬೇಕು. ಎಷ್ಟು ಹಿಂದಕ್ಕೆ ಎಂಬುದು ಓಡುವವನಿಗೆ ತಿಳಿಯುವುದಿಲ್ಲ. ಪಕ್ಕದಿಂದ ಹೆಜ್ಜೆ ನೋಡಿದವನು ಹೇಳಬೇಕು.

ಉಳಿದವರಿಗೆ ಅದನ್ನು ಕೋಚ್ ಹೇಳುತ್ತಾರೆ. ಇವರ ಕೋಚಿಗೆ ವಯಸ್ಸಾಗಿತ್ತು. ಗ್ಯಾಲರಿಯಲ್ಲಿ ಕೂತರೆ ಗುಂಡಿಯಲ್ಲಿರುವುದು ಮರಳೋ ನೀರೋ ಎಂಬುದೇ ಅವರಿಗೆ ಅನುಮಾನ, ಆದರೂ ಕಣ್ಣು ಮಂಜಾಗಿದೆ ಎಂದು ಒಪ್ಪುವ ಆಸಾಮಿಯಲ್ಲ. ಅವರನ್ನು ಬಿಡಲು ಇಬ್ಬರಿಗೂ ಮನಸ್ಸಿಲ್ಲದೆ, ಒಬ್ಬನಿಗೊಬ್ಬನು ‘ಹಲಗೆ ನೋಡುವ’ ಪದ್ಧತಿ ಬೆಳೆದಿತ್ತು. ಅದಕ್ಕೆ ಒಂದೇ ಕಟ್ಟಳೆ, ಹಲಗೆ ನೋಡಿದವನು ಸುಳ್ಳು ಹೇಳಕೂಡದು. ಒಮ್ಮೆ ಮಾವನ ವ್ಯಾನು ಯಾರು ಗುದ್ದಿಸಿದ್ದು ಎಂಬ ಜಗಳದಲ್ಲಿ ಎರಡು ತಿಂಗಳು ಇಬ್ಬರೂ ಮಾತು ಬಿಟ್ಟಿದ್ದರು. ಆಗಲೂ ಹಲಗೆಯ ಪಕ್ಕ ನಿಂತು, ಮುಖ ಅತ್ತ ತಿರುಗಿಸಿಕೊಂಡೇ, ಎರಡು ಬೆರಳು ಮುಂದೆ, ಮೂರು ಬೆರಳು ಹಿಂದೆ ಎಂದು ಕೈಯಲ್ಲಿ ತೋರಿಸುತ್ತಿದ್ದರು.

ಫೈನಲ್ ಶುರುವಾದದ್ದು ಸಂಜೆ ಬಿಸಿಲಿನಲ್ಲೇ. ಹನ್ನೆರಡು ಜನ, ಮೂರು ಸುತ್ತು ಮುಗಿದ ಮೇಲೆ ಎಂಟೇ ಜನ, ಅವರಿಗೆ ಇನ್ನೂ ಮೂರು ಜಿಗಿತ. ದೊಡ್ಡಳಿಯ ಎರಡು ಸುತ್ತಿನಲ್ಲಿ ಏಳು ತೊಂಬತ್ತಾರು, ಎಂಟು ಸೊನ್ನೆ ಐದು ಹಾರಿ ಆರನೆಯ ಜಾಗದಲ್ಲಿ ನಿಂತ. ಚಿಕ್ಕಳಿಯ ಎರಡೂ ಸಲ ಹಲಗೆ ದಾಟಿದ. ಮೊದಲ ಕೆಂಪು ಬಾವುಟಕ್ಕೆ ದೊಡ್ಡಳಿಯ ಛೆ ಎಂದ. ಎರಡನೆಯದಕ್ಕೂ ಛೆ ಎಂದ. ಬಾಯಿ ಹಾಗೆನ್ನುವಾಗ ಹೊಟ್ಟೆಯಲ್ಲಿ ತಣ್ಣಗಾಯಿತು. ಮೂರನೆಯದೂ ಫೌಲಾದರೆ ಷಡ್ಡಕ ಚೀಲ ಕಟ್ಟಿಕೊಂಡು ಹೋಗುತ್ತಾನೆ, ಬಣ್ಣದ ಡಬ್ಬಿ ವಾಪಸು ಮೂಲೆ ಸೇರುತ್ತದೆ.

ಚಿಕ್ಕಳಿಯ ಬೆವರೊರೆಸಿಕೊಳ್ಳುತ್ತ ಬೆಂಚಿನ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ.

“ಗುರುತೇ ಮುಂದಾಗಿದ್ಯಾ, ಇಲ್ಲ ಕೊನೇ ಹೆಜ್ಜೆ ನಾನೇ ಎಳೀತಿದೀನಾ? ನನಗೇನೂ ಗೊತ್ತಾಗ್ತಿಲ್ಲ ಅಣ್ಣ. ನೀವು ಹೇಳಿದ ಹಾಗೆ ಮಾಡ್ತೀನಿ.”

ದೊಡ್ಡಳಿಯ ಎಲ್ಲವನ್ನೂ ನೋಡಿದ್ದ. ಕೊನೆಯ ಹೆಜ್ಜೆಯಲ್ಲಿ ತಪ್ಪೇನೂ ಇರಲಿಲ್ಲ. ಬೆನ್ನಿಗೆ ಬಿದ್ದ ಗಾಳಿಗೆ ಓಟವೇ ಇಡಿಯಾಗಿ ಮುಂದೆ ಸರಿದಿತ್ತು. ಒಂದು ಶೂ ಹಿಂದಕ್ಕೆ ಹಾಕು ಎಂದರೆ ಮುಗಿಯಿತು, ನಾಲ್ಕೇ ಮಾತು. ಆ ನಾಲ್ಕು ಮಾತು ಗಂಟಲಿನವರೆಗೆ ಬಂದವು. ಅಷ್ಟರಲ್ಲಿ ಅವನಿಗೆ ಮಾವ ನೆಲದ ಮೇಲೆ ಮಂಡಿಯೂರಿ, ಹಳೆಯ ಗೆರೆಯ ಆಚೆ ಹೊಸ ಗೆರೆ ಎಳೆಯುತ್ತಿರುವುದು ಕಣ್ಣಿಗೆ ಕಟ್ಟಿತು.

“ಗುರುತು ಮುಟ್ಟಬೇಡ,” ಎಂದ. “ಸರಿಯಾಗೇ ಇದೆ. ಧೈರ್ಯವಾಗಿ ಓಡು.”

ಚಿಕ್ಕಳಿಯ ಎದ್ದು ಹೋಗಿ ಅದೇ ಗುರುತಿನ ಮೇಲೆ ನಿಂತ. ಗಡಿಯಾರದಲ್ಲಿ ಇನ್ನೂ ಮೂವತ್ತು ಸೆಕೆಂಡಿತ್ತು. ಅವನು ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳುತ್ತಿರುವಾಗ ಗುಂಡಿಯ ಪಕ್ಕದ ಗಾಳಿಚೀಲ ಮೆಲ್ಲಗೆ ಜೋತುಬಿತ್ತು. ಗಾಳಿ ನಿಂತೇಹೋಯಿತು. ದೊಡ್ಡಳಿಯ ಅದನ್ನು ನೋಡಿದ, ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. ಗಾಳಿಯಿಲ್ಲದ ಓಟಕ್ಕೆ ಆ ಗುರುತು ಅಳೆದು ಇಟ್ಟ ಹಾಗಿತ್ತು. ಚಿಕ್ಕಳಿಯ ಬಂದ, ಹಲಗೆಯ ನಟ್ಟನಡುವೆ ಕಾಲಿಟ್ಟ, ಹಾರಿದ. ಬಿಳಿ ಬಾವುಟ. ಎಂಟು ಮೀಟರು ಇಪ್ಪತ್ನಾಲ್ಕು.

ಒಂಬತ್ತು ವರ್ಷದ ದಾಖಲೆ ಹೋಯಿತು, ಹೋದದ್ದು ತನ್ನದೇ ಸುಳ್ಳಿನಿಂದ. ಹುಡುಗ ಮರಳು ಕೊಡವಿಕೊಳ್ಳದೆಯೇ ಓಡಿಬಂದು ದೊಡ್ಡಳಿಯನನ್ನು ತಬ್ಬಿಕೊಂಡ. ನೀವು ಹೇಳದಿದ್ದರೆ ಗುರುತು ಸರಿಸಿಬಿಡುತ್ತಿದ್ದೆ, ಕೆಡುತ್ತಿದ್ದೆ ಎಂದು ಕಿವಿಯ ಹತ್ತಿರ ಬಡಬಡಿಸಿದ. ಕ್ಯಾಮೆರಾದವನು ಇಬ್ಬರನ್ನೂ ಸೇರಿಸಿ ದೊಡ್ಡ ಪರದೆಯ ಮೇಲೆ ತೋರಿಸಿದ. ದೊಡ್ಡಳಿಯ ಹಲ್ಲು ಬಿಟ್ಟು ನಿಂತಿದ್ದ. ಗ್ಯಾಲರಿಯಲ್ಲಿ ಕೋಚ್, ಪಕ್ಕದವರು ಹೇಳಿದ ಮೇಲೆ, ಎಲ್ಲರೂ ಮುಗಿಸಿದ ನಂತರ ಚಪ್ಪಾಳೆ ತಟ್ಟಿದರು.

ಆಮೇಲೆ ದೊಡ್ಡಳಿಯ ಓಡಿದ್ದು ಕಾಲಿನಿಂದಲ್ಲ, ಕಿಚ್ಚಿನಿಂದ. ನಾಲ್ಕನೆಯ ಸುತ್ತಿನಲ್ಲಿ ಎಂಟು ಹನ್ನೆರಡು ಹಾರಿ ಐದನೆಯ ಜಾಗಕ್ಕೆ ಬಂದ. ಐದನೆಯ ಸುತ್ತಿನ ಹೊತ್ತಿಗೆ ಗಾಳಿ ಮತ್ತೆ ಬೆನ್ನಿಗೆ ಬಿದ್ದಿತ್ತು, ಅವನು ಹಲಗೆ ದಾಟಿದ. ಉಳಿದದ್ದು ಒಂದೇ ಜಿಗಿತ. ಚಿಕ್ಕಳಿಯ ಎಂಟು ಇಪ್ಪತ್ನಾಲ್ಕರಲ್ಲಿ ಮೂರನೆಯ ಜಾಗ, ಅಂದರೆ ಕಂಚಿನ ಪದಕದ ಜಾಗ, ಹಿಡಿದುಕೊಂಡು ಕೂತಿದ್ದ. ದೊಡ್ಡಳಿಯ ಅದಕ್ಕಿಂತ ಒಂದು ಸೆಂಟಿಮೀಟರು ಹೆಚ್ಚು ಹಾರಿದರೂ ಸಾಕು, ದಾಖಲೆ ಮರಳುತ್ತದೆ, ಪದಕವೂ ಇತ್ತ ಬರುತ್ತದೆ. ಮುಂದಿನ ಚಾಂಪಿಯನ್‌ಷಿಪ್ಪಿನ ಹೊತ್ತಿಗೆ ತನಗೆ ಮೂವತ್ತೈದು. ಇದೇ ಕೊನೆ ಎಂಬುದು ಅವನಿಗೆ ಗೊತ್ತಿತ್ತು.

ಗುರುತು ಹೇಗಿದೆ ಎಂದು ಅವನು ಕೇಳಲಿಲ್ಲ. ಚಿಕ್ಕಳಿಯನೇ ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ ಮೆಲ್ಲಗೆ ಹೇಳಿದ.

“ಅರ್ಧ ಶೂ ಹಿಂದಕ್ಕೆ ಹಾಕಿ ಅಣ್ಣ. ಓಟ ತುಂಬ ಚೆನ್ನಾಗಿದೆ, ಅರ್ಧ ಶೂ ಅಷ್ಟೇ.”

ದೊಡ್ಡಳಿಯ ಅವನ ಮುಖ ನೋಡಿದ. ಎಂಥ ಮುಗ್ಧ ಮುಖ ಎಂದುಕೊಂಡ. ತಾನು ಮೂರನೆಯ ಸುತ್ತಿನಲ್ಲಿ ಇಂಥದ್ದೇ ಮುಖ ಮಾಡಿದ್ದೆನಲ್ಲ ಎಂದೂ ಅನ್ನಿಸಿತು. ಐದನೆಯ ಸುತ್ತಿನಲ್ಲಿ ದಾಟಿದ್ದು ಕೊನೆಯ ಹೆಜ್ಜೆ ತಾನೇ ಎಳೆದದ್ದಕ್ಕೆ, ಗುರುತು ಸರಿಯಾಗೇ ಇದೆ. ಹಿಂದಕ್ಕೆ ಹಾಕಿದರೆ ಹಲಗೆಗೆ ಮುಂಚೆಯೇ ಕಾಲು ಬೀಳುತ್ತದೆ, ಅರ್ಧ ಅಡಿ ಪುಕ್ಕಟೆ ಹೋಗುತ್ತದೆ, ಇವನ ಪದಕ ಇವನ ಹತ್ತಿರವೇ ಉಳಿಯುತ್ತದೆ. ಯಾರಾದರೂ ತನ್ನ ಬಾಯಿಯ ತುತ್ತನ್ನು ತಾನೇ ಎತ್ತಿ ಇನ್ನೊಬ್ಬನಿಗೆ ಕೊಡುತ್ತಾರೆಯೇ? ತಾನಾಗಿದ್ದರೆ ಕೊಡುತ್ತಿದ್ದೆನೇ? ಲೆಕ್ಕ ಅಲ್ಲಿಗೆ ಸರಿಹೋಯಿತು. ಆಗಲಿ ಎಂದು ತಲೆಯಾಡಿಸಿ, ಓಟದ ಆ ತುದಿಗೆ ಹೋಗಿ ಬಗ್ಗಿದ. ಟೇಪನ್ನು ಹೆಬ್ಬೆರಳಿನಿಂದ ಒತ್ತಿದ, ಸರಿಸಿದ ಹಾಗೆ ಮಾಡಿದ, ಸರಿಸಲಿಲ್ಲ.

ಅಂಥ ಓಟ ಅವನ ಜೀವಮಾನದಲ್ಲೇ ಆಗಿರಲಿಲ್ಲ. ಕಾಲು ನೆಲ ಬಿಟ್ಟದ್ದೇ ತಿಳಿಯಿತು, ತಾನು ಕಾಯುತ್ತಿದ್ದ ಜಿಗಿತ ಇದೇ ಎಂದು. ಗಾಳಿಯಲ್ಲಿರುವಾಗ ಅವನಿಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಮರಳಿನಲ್ಲಿ ಬಿದ್ದು, ಎದ್ದು, ತಿರುಗಿ ನೋಡಿದರೆ ತನ್ನ ಗುರುತು ಎಂಟು ನಲವತ್ತೈದರ ಹತ್ತಿರ. ಜನ ಎದ್ದು ನಿಂತಿದ್ದರು. ಹಲಗೆಯ ಪಕ್ಕ ಕೆಂಪು ಬಾವುಟವೂ ಎದ್ದು ನಿಂತಿತ್ತು. ಪರದೆಯ ಮೇಲೆ ನಿಧಾನವಾಗಿ ತೋರಿಸಿದರು, ಶೂವಿನ ತುದಿ ಅಂಚಿನಾಚೆ ಎರಡು ಬೆರಳು.

ಚಿಕ್ಕಳಿಯ ಓಡಿಬಂದಾಗ ಅವನ ಮುಖ ಬಿಳಿಚಿಕೊಂಡಿತ್ತು.

“ಸರಿಸಿದ್ರಲ್ವಾ ಅಣ್ಣ?”

“ಸರಿಸಿದ್ದೆ.”

ಹುಡುಗ ತಲೆಯ ಮೇಲೆ ಕೈಹೊತ್ತು ಅಲ್ಲೇ ಕೂತುಬಿಟ್ಟ. ತಾನೇ ಕಡಿಮೆ ಹೇಳಿದೆ, ಪೂರ್ತಿ ಒಂದು ಶೂ ಹೇಳಬೇಕಿತ್ತು, ನಿಮ್ಮ ಪದಕ ನಾನೇ ಹಾಳುಮಾಡಿದೆ ಎಂದು ಅವನ ಕಣ್ಣು ತುಂಬಿತು. ಅವನಿಗೆ ಇನ್ನೂ ಒಂದು ಜಿಗಿತವಿತ್ತು. ಎದ್ದು ಹೋಗಿ ಹಾಗೇ ಓಡಿ, ಹಾರದೆ, ಮರಳಿನ ಮೇಲೆ ನಡೆದುಕೊಂಡು ಬಂದ. ಆದರೂ ಕಂಚು ಅವನದೇ ಆಯಿತು. ಯಾರೋ ಕೊಟ್ಟ ದೇಶದ ಬಾವುಟವನ್ನು ಹೊದ್ದುಕೊಳ್ಳದೆ ತೊಡೆಯ ಮೇಲಿಟ್ಟುಕೊಂಡು ಕೂತ. ಇವನ ಸಂತೋಷವಾದರೂ ಹಾಳಾಯಿತಲ್ಲ ಎಂದು ದೊಡ್ಡಳಿಯನ ಹೊಟ್ಟೆ ಇನ್ನೊಮ್ಮೆ ತಣ್ಣಗಾಯಿತು. ಎಷ್ಟು ಹೊತ್ತು? ಶೂವಿನ ದಾರ ಬಿಚ್ಚುವಷ್ಟು ಹೊತ್ತು.

ಅಷ್ಟರಲ್ಲಿ ಅಧಿಕಾರಿಯೊಬ್ಬ ಬಂದು ಅವರವರ ಟೇಪು ಅವರವರು ಕಿತ್ತುಕೊಳ್ಳಿ ಎಂದ. ಚಿಕ್ಕಳಿಯ, ನೀವು ಕೂತಿರಿ, ನಾನು ತರುತ್ತೇನೆ ಎಂದು ಎದ್ದು ಹೋದ. ಓಟದ ಪಕ್ಕದಲ್ಲಿ ಅಳತೆಯ ಪಟ್ಟಿ ಉದ್ದಕ್ಕೂ ಹಾಸಿತ್ತು. ಷಡ್ಡಕನ ಗುರುತು ಎಷ್ಟರಲ್ಲಿರುತ್ತದೆ ಎಂಬುದು ಅವನಿಗೆ ಬಾಯಿಪಾಠ. ದೊಡ್ಡಳಿಯ ಇಲ್ಲಿಂದಲೇ ನೋಡಿದ, ಅವನು ಟೇಪು ಕೀಳಲು ಬಗ್ಗಿದವನು ಬಗ್ಗಿದಂತೆಯೇ ಇದ್ದ.

ವಾಪಸು ಬಂದಾಗ ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

“ನಲವತ್ತೊಂದು ಅರವತ್ತರಲ್ಲೇ ಇದೆ ಅಣ್ಣ. ನೀವು ಸರಿಸೇ ಇಲ್ಲ.”

ದೊಡ್ಡಳಿಯ ಶೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದ.

“ನಾನು ಸುಳ್ಳು ಹೇಳ್ತಿದೀನಿ ಅಂದ್ಕೊಂಡ್ರಾ?”

ಇಂಥ ಯೋಚನೆ ಎಂದೂ ಮಾಡದವನಿಗೆ ಅದು ತಲೆಗೆ ಹತ್ತಲು ಹೊತ್ತು ಹಿಡಿಯುತ್ತದೆ. ಹತ್ತುತ್ತಿರುವುದು ದೊಡ್ಡಳಿಯನಿಗೆ ಕಾಣಿಸುತ್ತಿತ್ತು. ಕೊನೆಗೆ ಹುಡುಗ ಕೇಳಿದ, “ಮೂರನೇ ಸುತ್ತಲ್ಲಿ ನೀವು ನನಗೆ ಹೇಳಿದ್ದು?”

ನಿಜವೇ ಎಂದುಬಿಡಬಹುದಿತ್ತು. ಎಂಟು ಇಪ್ಪತ್ನಾಲ್ಕೇ ಸಾಕ್ಷಿ, ಅಲ್ಲ ಎನ್ನುವವರು ಯಾರೂ ಇಲ್ಲ.

“ಸುಳ್ಳು,” ಎಂದ ದೊಡ್ಡಳಿಯ. “ಒಂದು ಶೂ ಹಿಂದೆ ಹಾಕ್ಬೇಕಿತ್ತು. ಗಾಳಿ ನಿಂತಿದ್ದಕ್ಕೆ ನೀನು ಉಳಿದುಕೊಂಡೆ.”

ಇದನ್ನು ಪಶ್ಚಾತ್ತಾಪ ಎಂದು ಯಾರೂ ಮೆಚ್ಚಿಕೊಳ್ಳುವುದು ಬೇಡ. ಆ ನಿಜದೊಳಗೂ ಕಿಚ್ಚು ಇತ್ತು, ನಿನ್ನ ಪದಕ ನಿನ್ನ ಕಾಲಿನದಲ್ಲ, ಗಾಳಿಯದು ಎಂದು ಚುಚ್ಚುವ ಆಸೆ ಇತ್ತು. ಚುಚ್ಚಿದ್ದು ತಗಲಿತೋ ಎಂದು ಅವನು ತಲೆಯೆತ್ತಿ ನೋಡಿದ.

ಪದಕ ಪ್ರದಾನಕ್ಕೆ ಕರೆಯುತ್ತಿದ್ದರು. ಚಿಕ್ಕಳಿಯ ಜಾಕೆಟ್ಟು ತೊಟ್ಟು, ಜಿಪ್ಪನ್ನು ಕತ್ತಿನವರೆಗೂ ಎಳೆದುಕೊಂಡ.

“ಇನ್ಮೇಲೆ ಹಲಗೆ ನೋಡೋಕೆ ಬೇರೆ ಯಾರನ್ನಾದ್ರೂ ಕೇಳ್ಕೋತೀನಿ,” ಎಂದ. ಎರಡು ಹೆಜ್ಜೆ ಹೋಗಿ ನಿಂತ. “ಮನೇಲಿ ಇದೇನೂ ಹೇಳ್ಬೇಡಿ ಅಣ್ಣ. ಮಾವನಿಗೆ ನಿಮ್ಮ ಮೇಲೆ ತುಂಬ ಅಭಿಮಾನ, ಪಾಪ, ತಡ್ಕೊಳಲ್ಲ. ಗುರುತು ನಾನೇ ತಪ್ಪು ಹೇಳಿದೆ ಅಂತೀನಿ.”

ಇಷ್ಟಾದ ಮೇಲೂ ಅಣ್ಣ ಎಂದೇ ಕರೆದಿದ್ದ. ದಾಖಲೆಯನ್ನು ಅವನ ಕಾಲು ಕಿತ್ತುಕೊಂಡಿತ್ತು, ಪದಕವನ್ನು ಗಾಳಿ ಅವನಿಗೆ ಕೊಟ್ಟಿತ್ತು, ಅದಕ್ಕೆಲ್ಲ ಏನಾದರೊಂದು ಕಾರಣ ಹೇಳಿಕೊಳ್ಳಬಹುದಿತ್ತು. ಈ ಮಾತನ್ನು ಮಾತ್ರ ಅವನು ತನ್ನ ಒಳಗಿನಿಂದಲೇ ತೆಗೆದು ಕೊಟ್ಟಿದ್ದ, ಅಲ್ಲಿ ಅಂಥ ಒಳ್ಳೆಯತನ ಇನ್ನೂ ಬೇಕಾದಷ್ಟು ಇದ್ದ ಹಾಗಿತ್ತು. ದೊಡ್ಡಳಿಯ ಬರಿಗಾಲಲ್ಲಿ ಬೆಂಚಿನ ಮೇಲೆ ಕೂತು, ವೇದಿಕೆಯ ಕಡೆ ನಡೆದುಹೋಗುತ್ತಿದ್ದ ಆ ಬೆನ್ನನ್ನು ನೋಡುತ್ತಿದ್ದ. ಆ ಒಳ್ಳೆಯತನದ ಮೇಲೂ ಅವನಿಗೆ ಹೊಟ್ಟೆಕಿಚ್ಚಾಯಿತು.