ಮೂರು ಸುತ್ತು ಪಟಿಕ

ಗ್ಲಾಸಿನ ನೀರು ಇನ್ನೂ ಚಹಾ ಬಣ್ಣದಲ್ಲೇ ಇದೆ, ತಿಳಿಯಾಗುವ ಲಕ್ಷಣವೇ ಇಲ್ಲ, ಹತ್ತು ನಿಮಿಷ ಆಯಿತು — ಎದುರಿಗೆ ಪ್ರಿನ್ಸಿಪಾಲ್ ಪಂಚಾಕ್ಷರಪ್ಪನವರು ಗಲ್ಲಕ್ಕೆ ಕೈಕೊಟ್ಟು ಕೂತಿದ್ದಾರೆ, ಏನಮ್ಮ ರೇಣುಕಾ, ನೀರು ತಿಳಿ ಆಗ್ತೈತೋ ನಾವೇ ಮನೆಗೆ ಹೋಗಾಣೋ, ಎಂದು ನಗುತ್ತಾರೆ, ನಗಲಿ, ದುರ್ಗದ ಈ ಕಾಲೇಜಿನ ಕಾಯಂ ಕೆಲಸ ಈ ಒಂದು ಪಾಠದ ಮೇಲೆ ನಿಂತಿರುವುದು ನನ್ನ ಹೊಟ್ಟೆಗೆ ಗೊತ್ತು, ಆರು ವರ್ಷದಿಂದ ಅತಿಥಿ ಉಪನ್ಯಾಸಕಿ, ಅತಿಥಿಯನ್ನು ಯಾರಾದರೂ ಇಷ್ಟು ದುಡಿಸುತ್ತಾರೆಯೇ — ಪಾಠವೇನೋ ಚೆನ್ನಾಗಿಯೇ ಹೇಳಿದೆ, ಭರಮಸಾಗರ ಕೆರೆಯ ಮಣ್ಣಿನ ಕಣಗಳಿಗೆಲ್ಲ ಒಂದೇ ಗುಣ, ಎಲ್ಲವೂ ಋಣ ವಿದ್ಯುತ್ತಿನವು, ಒಂದನ್ನೊಂದು ದೂಡುತ್ತವೆ, ಕೂಡದೆ ತಳಕ್ಕಿಳಿಯುವುದಿಲ್ಲ, ಪಟಿಕದ ಧನ ಅಂಶ ಬಂದು ಆ ಮುನಿಸು ಕಳೆದರೆ ಗಂಟುಗೂಡಿ ಇಳಿಯುತ್ತವೆ — ಹೇಳುತ್ತ ಹೇಳುತ್ತ ಪಟಿಕದ ಹರಳನ್ನು ನೀರಿನಲ್ಲಿ ಸುತ್ತಿದೆ, ಸುತ್ತಿದೆ, ಅಯ್ಯೋ, ಮಾತಿನ ಭರದಲ್ಲಿ ಎಣಿಸಲೇ ಇಲ್ಲ, ಅವ್ವ, ನಮ್ಮವ್ವ ಮುದ್ದಕ್ಕ, ಕೆರೆ ನೀರಿನ ಬಿಂದಿಗೆಯಲ್ಲಿ ಪಟಿಕ ಸುತ್ತುವ ಕೈ, ಹಸಿರು ಬಳೆ, ಒಂದು, ಎರಡು, ಮೂರು, ನಿಂತಿತು. ಮೂರೇ ಸುತ್ತು ಕಣೇ, ಹೆಚ್ಚಾದ್ರೆ ಮಣ್ಣು ಮತ್ತೆ ಮುನಿಸ್ಕಂತೈತೆ. ಮಣ್ಣಿಗೆಂಥ ಮುನಿಸವ್ವ, ಎಂದು ನಕ್ಕಿದ್ದೆ ನಾನು, ಹದಿನಾರರ ಜಾಣೆ, ಈಗ ನಗು ನೋಡೋಣ — ಪಟಿಕ ಹೆಚ್ಚಾಗಿ ಋಣವಿದ್ದದ್ದೆಲ್ಲ ಧನವಾಗಿದೆ, ಮತ್ತೆ ಎಲ್ಲಕ್ಕೂ ಒಂದೇ ಗುಣ, ಮತ್ತೆ ಅದೇ ದೂಡಾಟ, ಅವ್ವ ಓದದೆ ಹೇಳಿದ್ದನ್ನು ನಾನು ಓದಿ ಮರೆತೆ. ಹಾಗಾದರೆ ಈಗ ಬೇಕಿರುವುದು ಇನ್ನಷ್ಟು ಋಣ, ಅಂದರೆ ಇನ್ನಷ್ಟು ಮಣ್ಣು, ಬಾಟಲಿಯಲ್ಲಿ ಉಳಿದ ಕೆರೆ ನೀರನ್ನು ಅದೇ ಗ್ಲಾಸಿಗೆ ಸುರಿಯುತ್ತೇನೆ, ಪಂಚಾಕ್ಷರಪ್ಪನವರು ಕನ್ನಡಕ ಏರಿಸಿ, ರಾಡಿಗೆ ರಾಡಿ ಸುರೀತೀಯಲ್ಲಮ್ಮ, ಅಂತಾರೆ, ಸಾರ್, ತಪ್ಪು ನಂದೇ, ಪಟಿಕ ಜಾಸ್ತಿ ಆಯ್ತು, ಮಣ್ಣು ಹಾಕಿದ್ರೆ ಸರಿಹೋಗ್ತೈತೆ, ಸ್ವಲ್ಪ ಕುಂತ್ಕಳ್ರಿ — ಅಂದೇಬಿಟ್ಟೆ, ಪ್ರಿನ್ಸಿಪಾಲರಿಗೆ, ಮನೆಗೆ ಬಂದ ನೆಂಟರಿಗೆ ಹೇಳುವ ಹಾಗೆ. ಮೆಲ್ಲಗೆ ಕಲಕುತ್ತೇನೆ, ಒಂದು, ಎರಡು, ಮೂರು, ಸಾಕು, ಕೈ ಕಟ್ಟಿ ನಿಲ್ಲುತ್ತೇನೆ, ಫ್ಯಾನು ತಿರುಗುತ್ತಿದೆ — ಅಗೋ, ರವೆಯಷ್ಟು ಒಂದು ಗಂಟು, ಅದರ ಪಕ್ಕ ಇನ್ನೊಂದು, ಇಳಿಯುತ್ತಿವೆ, ನನ್ನಪ್ಪಂದಿರಾ ಇಳಿಯಿರಿ, ಮೇಲಿನಿಂದ ನೀರು ತಿಳಿಯಾಗುತ್ತ ಗ್ಲಾಸಿನಾಚೆ ಅವರ ಮೀಸೆ ಕಾಣುತ್ತಿದೆ, ಮೀಸೆಯಡಿಯ ನಗುವೂ — ಕೆಡಿಸಿದ್ದೂ ನೀವೇ, ತಿಳಿ ಮಾಡಿದ್ದೂ ನೀವೇ, ಸೋಮವಾರದಿಂದ ಕಾಯಂ ಆಗಿ ಕ್ಲಾಸಿಗೆ ಬರ್ರಿ ಮೇಡಂ, ಮೇಡಂ ಅಂದರು, ಬರ್ರಿ ಅಂದರು, ಅವ್ವನಿಗೆ ಫೋನ್ ಮಾಡಬೇಕು, ನಾನ್ ಹೇಳಿರ್ಲಿಲ್ವೇನೇ ಅಂತಾಳೆ, ಅನ್ನಲಿ, ಹತ್ತು ಸಲ ಅನ್ನಲಿ, ಖುಷಿಗೆ ಕಣ್ಣೆಲ್ಲ ರಾಡಿ, ಬಿಂದಿಗೆಯ ಬಾಯಲ್ಲಿ ಆ ಕೈ, ಹಸಿರು ಬಳೆ, ಒಂದು, ಎರಡು, ಮೂರು, ನಿಂತಿತು