ಹನ್ನೊಂದನೇ ಕುರ್ಚಿ

ಟಕ್, ಸರಿ, ಟಕ್, ಸರಿ — ಭಾವನ ಬೆರಳ ಗೆಣ್ಣು ಒಂದೊಂದೇ ಕುರ್ಚಿಯ ಕಂಬಿಗೆ ತಾಗಿ ಮುಂದಕ್ಕೆ ಹೋಗುತ್ತಿದೆ, ಬಾಗಿಲು ತಟ್ಟಿ, ಒಳಗೆ ಯಾರಾದರೂ ಇದ್ದಾರಾ ಅಂತ ಕಾಯದೆ ನಡೆದುಬಿಡುವವರ ಹಾಗೆ, ಟಕ್, ಸರಿ, ಅವಳು ಆಟ ಓಡಿಸುವ ಪ್ಯಾನೆಲ್ಲಿನ ಪಕ್ಕ ನಿಂತು ಎಣಿಸುತ್ತಿದ್ದಾಳೆ, ಮೂರು, ನಾಲ್ಕು, ಸರಪಳಿಗೆ ತೂಗಿ ಗಿರ್ರನೆ ಸುತ್ತುವ ಹಾರುಕುರ್ಚಿಯ ಇಪ್ಪತ್ತನಾಲ್ಕು ಕುರ್ಚಿಗಳಲ್ಲೂ ಇವತ್ತು ಮರಳಿನ ಮೂಟೆಗಳು ಹಳೇ ಯೂನಿಫಾರಂ ಅಂಗಿ ತೊಟ್ಟು ಕೂತಿವೆ, ಏನ್ ಮೇಡಂ, ಇವರೆಲ್ಲ ನಿಮ್ಮ ಕಡೆ ನೆಂಟರಾ ಅಂತ ಭಾವ ಬರುತ್ತಲೇ ರೇಗಿಸಿದ್ದರು, ಹೌದು ಭಾವ, ಆದ್ರೆ ನಿಮ್ಮಷ್ಟು ಮಾತಾಡಲ್ಲ ಅಂದಿದ್ದಳು, ನಕ್ಕಿದ್ದಳು ಕೂಡ, ಆದರೆ ಅಷ್ಟು ಹೊತ್ತಿಗಾಗಲೇ ಪರೀಕ್ಷೆಗೆಂದೇ ಹನ್ನೊಂದನೇ ಕುರ್ಚಿಯ ಬೆಲ್ಟನ್ನು ಬಕಲಿಗೆ ಸಿಕ್ಕಿಸದೆ, ಸಿಕ್ಕಿಸಿದ ಹಾಗೇ ಕಾಣುವಂತೆ ಮೂಟೆಯ ಅಂಗಿಯಡಿ ತೂರಿಸಿಟ್ಟು ಬಂದಿದ್ದಳು. ಎಳೆದರೆ ಮಾತ್ರ ಗೊತ್ತಾಗುತ್ತೆ. ಎಳೆದು ನೋಡಿ, ನಂಬರು ಹೇಳಿ, ಸರಿ ಅನ್ನಬೇಡಿ — ಪಾರ್ಕಿನ ಸೇಫ್ಟಿ ಆಫೀಸರಾದ ದಿನದಿಂದ ಇದನ್ನೇ ಗಿಣಿಪಾಠ ಮಾಡಿಸಿದ್ದಾಳೆ, ಗೋಡೆಗೆ ಬರೆಸಿದ್ದಾಳೆ, ಐದು ಎಂದರೆ ಐದನೆಯದನ್ನು ಕೈ ಎಳೆದಿದೆ ಎಂದರ್ಥ, ಸರಿ ಅಂದರೆ ಏನರ್ಥ, ನೋಡಿದೆ ಅಂತಲೂ ಆಗಬಹುದು, ಸಾಕಾಯ್ತು ಅಂತಲೂ ಆಗಬಹುದು, ಊಟಕ್ಕೆ ಹೋಗೋಣ ಅಂತಲೂ, ಹುಡುಗರೆಲ್ಲ ಕಲಿತರು, ಭಾವನ ಬಾಯಿಗೆ ಮಾತ್ರ ಹತ್ತಲಿಲ್ಲ, ಪಾರ್ಕಿಗೆ ಪಾರ್ಕೇ ಅವರನ್ನು ಸರಿಯಣ್ಣ ಅನ್ನುತ್ತೆ, ಸಂಬಳ ತಡವಾದರೂ ಸರಿ, ಸಾಂಬಾರು ಉಪ್ಪಾದರೂ ಸರಿ, ಹದಿನೇಳು ವರ್ಷದಲ್ಲಿ ಒಬ್ಬರಿಗೂ ಗೀರು ಬಿದ್ದಿಲ್ಲ ಪುಟ್ಟಿ, ನನ್ನ ಕಣ್ಣೇ ಬೆಲ್ಟು, ಅಂತ ಮನೆಯಲ್ಲಿ ಕೈ ತೊಳೆಯುತ್ತಾ ಹೇಳುತ್ತಾರೆ. ಬೆಳಿಗ್ಗೆ ಅಕ್ಕನ ಫೋನು, ಹೆಡ್ ಆಪರೇಟರ್ ಪಟ್ಟಿಲಿ ಇವರ ಹೆಸರಿದೆಯಂತೆ ಕಣೇ, ಇವತ್ತಿನ ಪರೀಕ್ಷೆ ಒಂದು ದಾಟಿದ್ರೆ ಆಯ್ತಂತೆ, ನೀನೇ ಅಲ್ವಾ ಮಾಡೋದು, ಅದಕ್ಕೇ ನಾನು ನಿಶ್ಚಿಂತೆಯಾಗಿದೀನಿ — ನಿಶ್ಚಿಂತೆ, ಆ ಶಬ್ದ ಬೆಳಿಗ್ಗೆಯಿಂದ ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ, ತಪ್ಪಿದವರು ಮೂರು ತಿಂಗಳು ಪ್ಯಾನೆಲ್ ಮುಟ್ಟುವಂತಿಲ್ಲ, ಆ ಆಟ ಆ ದಿನ ತೆರೆಯುವಂತಿಲ್ಲ, ನಿಯಮ ಬರೆದವಳೂ ಅವಳೇ.

ಆರು, ಏಳು, ವಾಕಿಟಾಕಿಯಲ್ಲಿ ಮ್ಯಾನೇಜರು, ಮೇಡಂ ರಜೆಯ ಮೊದಲನೇ ದಿನ, ಗೇಟಿನ ಹೊರಗೆ ಇರುವೆ ಸಾಲು, ಹತ್ತಕ್ಕೆ ತೆಗೀಲೇಬೇಕು, ತೆಗೀರಿ ಸಾರ್, ಹಾರುಕುರ್ಚಿ ಬಗ್ಗೆ ಐದು ನಿಮಿಷದಲ್ಲಿ ಹೇಳ್ತೀನಿ, ಎಳೀರಿ ಭಾವ, ಮನಸ್ಸಿನಲ್ಲೇ ಬೇಡಿಕೊಳ್ಳುತ್ತಾಳೆ, ಒಂದೇ ಒಂದು ಸಲ ಎಳೀರಿ, ಟಕ್, ಸರಿ, ಗೇಟಿನ ಕಡೆಯಿಂದ ಮಕ್ಕಳ ಕೂಗು ಗಾಳಿಯಲ್ಲಿ ಬರುತ್ತದೆ, ಆವತ್ತೂ ಹೀಗೇ, ಎಂಟು ವರ್ಷದ ಹಿಂದೆ, ಅವಳಿಗೆ ಇಪ್ಪತ್ತೊಂದು, ಕೆಲಸ ಕೊಡಿಸಿದ್ದೇ ಭಾವ, ಅವರು ಪ್ಯಾನೆಲ್ಲಿನಲ್ಲಿ, ಇವಳು ಬೆಲ್ಟು ನೋಡುವವಳು, ಭಾವ ಏನೋ ಜೋಕು ಹೊಡೆದರು, ಏನು ಜೋಕು ಅಂತ ಎಷ್ಟು ತಿಣುಕಿದರೂ ನೆನಪಿಲ್ಲ, ನಗುತ್ತಾ ಹನ್ನೊಂದನೇ ಕುರ್ಚಿಗೆ ತಟ್ಟಿ ಸರಿ ಅಂದಳು, ಅದರಲ್ಲಿ ಕೂತಿದ್ದು ಮುಂದಿನ ಹಲ್ಲು ಬಿದ್ದ ಹುಡುಗಿ, ಎರಡು ಜಡೆ, ಕುರ್ಚಿಗಳು ಮೇಲೇರಿ ಓರೆಯಾಗಿ ಹಾರತೊಡಗಿದಾಗ ಕಾಣಿಸಿತು — ಹಳದಿ ಪಟ್ಟಿ, ಹುಡುಗಿಯ ಸೊಂಟದ ಮೇಲಿರಬೇಕಾದ್ದು ಕುರ್ಚಿಯ ಹಿಂದೆ ಬಾಲದ ಹಾಗೆ ಗಾಳಿಯಲ್ಲಿ, ಪಟಪಟ, ಬಂತು ಹೋಯಿತು, ಬಂತು ಹೋಯಿತು, ಕೈ ಎತ್ತಿದಳು, ಭಾವ ನೋಡಿದರು, ಗಕ್ಕನೆ ನಿಲ್ಲಿಸಿದರೆ ಕುರ್ಚಿಗೆ ಕುರ್ಚಿ ಬಡಿಯುತ್ತೆ, ಮೆಲ್ಲಗೆ ಇಳಿಸಬೇಕು, ನಲವತ್ತು ಸೆಕೆಂಡು, ನಲವತ್ತು ಅಂದರೆ ಎಷ್ಟು ಅಂತ ಅವಳಿಗೆ ಆವತ್ತು ಗೊತ್ತಾಯಿತು, ಹುಡುಗಿ ಸರಪಳಿ ಹಿಡಿದು ಉದ್ದಕ್ಕೂ ನಗುತ್ತಿದ್ದಳು, ಇಳಿದು, ಅಕ್ಕಾ ಇನ್ನೊಂದ್ ಸಲ ಹತ್ಲಾ ಅಂದಳು. ಏನೂ ಆಗಿಲ್ವಲ್ಲ, ಸರಿ ಬಿಡು, ಅಳಬೇಡ, ಯಾರಿಗೂ ಹೇಳಬೇಡ ಅಂತ ಭಾವ ನೀರು ಕುಡಿಸಿದರು, ಅವಳ ಕೆಲಸ ಉಳಿಸಿದರು, ತಪಾಸಣೆ ಪುಸ್ತಕದ ಆ ದಿನದ ಪುಟದಲ್ಲಿ ಅವರದೇ ದುಂಡಗಿನ ಅಕ್ಷರದಲ್ಲಿ ಇದೆ, ಎಲ್ಲ ಸರಿ.

ಒಂಬತ್ತು, ಹತ್ತು, ಭಾವ ಹನ್ನೊಂದರ ಮುಂದೆ ಒಂದು ಕ್ಷಣ ನಿಂತರು, ಮೂಟೆಯ ಅಂಗಿಯ ಕಾಲರು ಸರಿಮಾಡಿದರು, ಅಯ್ಯೋ ಕೈ ಅಲ್ಲೇ ಇದೆ, ಒಂದು ಗೇಣು ಕೆಳಗೆ ಇಳಿಸಿದರೆ — ಟಕ್. ಸರಿ. ಹೋದರು. ಹನ್ನೆರಡು, ಹದಿಮೂರು, ಉಳಿದದ್ದನ್ನು ಅವಳು ಕೇಳಿಸಿಕೊಂಡಳೋ ಇಲ್ಲವೋ, ಭಾವ ಕೈ ಒರೆಸಿಕೊಳ್ಳುತ್ತಾ ಬಂದು, ಸ್ಟಾರ್ಟ್ ಮಾಡ್ಲಾ ಮೇಡಂ ಅಂದರು, ಅವಳು ಕೆಂಪು ಬೀಗವನ್ನು ಪ್ಯಾನೆಲ್ಲಿಗೆ ಹಾಕಿ ಒತ್ತಿದಳು, ಕಟ್ ಅಂತ ಕೂತಿತು, ಹನ್ನೊಂದು, ಭಾವ, ಹೋಗಿ ಎಳೆದು ನೋಡಿ. ಹೋದರು, ಎಳೆದರು, ಪಟ್ಟಿ ಹಾವಿನ ಹಾಗೆ ಈಚೆಗೆ ಜಾರಿತು. ಬೆನ್ನು ತಿರುಗಿಸಿಕೊಂಡೇ ಅಂದರು, ಮರಳು ಕಣೇ ಪುಟ್ಟಿ ಇದು, ಬರೀ ಮರಳು, ಮಗು ಆಗಿದ್ರೆ ನಾನು ನೋಡ್ತಿರಲಿಲ್ವಾ? ನಾನೂ ಹಾಗೇ ಅಂದ್ಕೊಂಡಿದ್ದೆ ಭಾವ. ಓಹೋ, ಹಾಗಾದ್ರೆ ನಿನ್ನದನ್ನ ಆವತ್ತು ಬರೆದ್ವಾ? ನಿಂದು ಮುಚ್ಚಿಡೋಕೆ ಆಗುತ್ತೆ, ನಂದು ಬರೆಯೋಕೆ ಆಗುತ್ತೆ, ನಿಮ್ಮಕ್ಕನಿಗೆ ಏನು ಹೇಳ್ಲಿ? — ಹೊಡೆದ ಹಾಗಾಯಿತು, ಆಗಲಿ, ಇದು ಬರುತ್ತೆ ಅಂತ ಗೊತ್ತಿತ್ತು, ರಾತ್ರಿಯೇ ಗೊತ್ತಿತ್ತು, ಅದಕ್ಕೇ ಪೆನ್ನು ಜೇಬಿನಲ್ಲೇ ಇತ್ತು, ಪುಸ್ತಕ ತೆರೆದು ಇವತ್ತಿನ ಪುಟದ ಮೊದಲನೇ ಸಾಲಿನಲ್ಲಿ ಬರೆಯುತ್ತಾಳೆ, ಎಂಟು ವರ್ಷದ ಹಿಂದೆ, ಹನ್ನೊಂದನೇ ಕುರ್ಚಿ, ಬೆಲ್ಟು ಹಾಕಿರಲಿಲ್ಲ, ಕುರ್ಚಿಯಲ್ಲಿ ಮಗು ಇತ್ತು, ನೋಡಿದ್ದೇನೆ ಅಂತ ಹೇಳಿದವಳು ನಾನು, ಸಹಿ, ಎರಡನೇ ಸಾಲು, ಇವತ್ತು, ಹನ್ನೊಂದನೇ ಕುರ್ಚಿ, ಭಾವನ ಪೂರ್ತಿ ಹೆಸರು, ಪುಸ್ತಕವನ್ನು ಅವರ ಕಡೆ ತಿರುಗಿಸಿದಳು, ಓದಿಕೊಳ್ಳಲಿ, ನನ್ನನ್ನೂ ಮೇಲಿನವರು ವಿಚಾರಿಸಲಿ, ಕೆಲಸ ಹೋದರೆ ಹೋಗಲಿ, ಅಕ್ಕ ಒಂದು ವರ್ಷ ಮಾತು ಬಿಟ್ಟರೆ ಬಿಡಲಿ, ವಾಕಿಟಾಕಿ ಒತ್ತಿದಳು, ಸಾರ್, ಹಾರುಕುರ್ಚಿ ಇವತ್ತು ಇಲ್ಲ, ಏನ್ರೀ ಹಾಗಂದ್ರೆ, ಇಲ್ಲ ಅಂದ್ರೆ ಇಲ್ಲ ಸಾರ್, ಬೀಗ ಹಾಕಿದೀನಿ, ಕೀಲಿ ನನ್ನ ಹತ್ರ ಇದೆ. ಗೇಟು ತೆರೆದರು, ಮಕ್ಕಳ ಕೂಗು ಈಗ ಹತ್ತಿರ ಬಂತು, ಭಾವ ಪುಸ್ತಕದಿಂದ ತಲೆಯೆತ್ತಲಿಲ್ಲ, ಮೊದಲನೇ ಸಾಲನ್ನೇ ಓದುತ್ತಿದ್ದಾರಾ, ಎರಡನೆಯದನ್ನಾ, ಆಮೇಲೆ ಮೊದಲನೇ ಕುರ್ಚಿಗೆ ವಾಪಸು ಹೋದರು, ಬೆಲ್ಟು ಹಿಡಿದು ಎಳೆದರು, ಒಂದು, ಅಂದರು, ಎರಡು, ಎಳೆದರು, ಮೂರು, ನಾಲ್ಕು, ಅವಳೂ ಜೊತೆಗೆ ಎಣಿಸುತ್ತಿದ್ದಾಳೆ, ಎಂಟು, ಒಂಬತ್ತು, ಎಳೆದರು, ಹತ್ತು, ಮುಂದಿನ ನಂಬರು ಬಾಯಿಗೆ ಬರುತ್ತಿಲ್ಲ, ಚಾಚಿದ ಕೈ ಅರ್ಧಕ್ಕೇ ನಿಂತಿದೆ, ಕೈಗೂ ಕುರ್ಚಿಗೂ ನಡುವೆ ಒಂದು ಗೇಣು, ಗಾಳಿ, ಜಾರಿ ನೇತಾಡುತ್ತಿರುವ ಹಳದಿ ಪಟ್ಟಿ, ಪಟಪಟ, ಹಳದಿ ಪಟ್ಟಿ.