ಕುಬಸಕ್ಕೊಂದು ಮೀನು

ನಮ್ಮ ಮನೆತನದಲ್ಲಿ ಏಳು ತಿಂಗಳು ತುಂಬಿದ ಬಸುರಿಗೆ ಮಾಡುವ ಕುಬಸದ ಊಟಕ್ಕೆ ಬಡಿಸುವ ಮೀನು ಕೊಂಡದ್ದಾಗಿರಬಾರದು. ಬಸುರಿಯ ಗಂಡನೋ ಮಾವನೋ ತನ್ನ ಕೈಯಾರೆ ನೀರಿನಿಂದ ಎತ್ತಿದ್ದಾಗಿರಬೇಕು. ಕೃಷ್ಣೆಯ ದಂಡೆಯ ಅಂಬಿಗರಿಗೆ ಇದೇನೂ ಕಠಿಣವಾದ ಕಟ್ಟಳೆಯಾಗಿರಲಿಲ್ಲ. ಹೊಳೆ ಹಿತ್ತಲಿಗೇ ಬಂದು ನಿಲ್ಲುತ್ತಿತ್ತು. ನನ್ನ ತಾಯಿ ಆ ಮೀನು ಉಂಡಿದ್ದಳು, ನನ್ನ ಹೆಂಡತಿ ಪಾರ್ವತೆವ್ವ ಉಂಡಿದ್ದಳು. ಆದರೆ 2017ರ ಅಕ್ಟೋಬರಿನಲ್ಲಿ ಸೊಸೆ ಐಶ್ವರ್ಯಾಳಿಗೆ ಏಳು ತುಂಬಿದಾಗ ನಾವು ನಾಲ್ವರೂ ಇದ್ದದ್ದು ಕಡಲಾಚೆಯ ವುಡ್‌ಬ್ರಿಡ್ಜಿನಲ್ಲಿ. ಹಿತ್ತಲಿಗೆ ಬಂದು ನಿಲ್ಲುತ್ತಿದ್ದುದು ಪಕ್ಕದ ಮನೆಯವರ ಬೆಕ್ಕು ಮಾತ್ರ.

ಅತ್ತೆ ಹೇಳಿದ ಕತೆಗಳನ್ನು ಕೇಳಿ ಕೇಳಿ ಸೊಸೆಗೆ ಆ ಮೀನಿನ ಬಯಕೆ ಹತ್ತಿಬಿಟ್ಟಿತ್ತು. ಅಂಗಡಿಯಿಂದ ತಂದ ಸಾಲ್ಮನ್ನಿನ ವಾಸನೆಗೆ ಅವಳು ಮೂಗು ಮುಚ್ಚಿಕೊಂಡು ಮಹಡಿ ಹತ್ತುತ್ತಿದ್ದಳು. ಕುಬಸ ಭಾನುವಾರ ಎಂದು ನಿಶ್ಚಯವಾಯಿತು. ಶನಿವಾರ ಹಿಡಿದು ತರುತ್ತೇನೆಂದು ನಾನು ಅವಳಿಗೆ ಮಾತು ಕೊಟ್ಟೆ. ಕೊಡುವಾಗ ನನಗೆ ವಯಸ್ಸಾದದ್ದು ನಾಲಿಗೆಗೆ ನೆನಪಿರಲಿಲ್ಲ. ದೋಣಿಗೆ ಹುಟ್ಟು ಹಾಕುವ ತಂದೆಯ ಮಗನಾಗಿ ಹುಟ್ಟಿ, ಪುಸ್ತಕದ ಬೆನ್ನು ಹತ್ತಿ, ಕಾಲೇಜಿನ ಹುಡುಗರಿಗೆ ಹೊಸ ಕಾವ್ಯ ಪಾಠ ಹೇಳುತ್ತ ಆಯುಷ್ಯ ಕಳೆದವನು ನಾನು. ಕಾವ್ಯದಲ್ಲಿ ಎಷ್ಟೋ ಮೀನುಗಳನ್ನು ಕಂಡಿದ್ದೆ. ಕೈಯಲ್ಲಿ ಹಿಡಿದು ಅರ್ಧ ಶತಮಾನವೇ ಆಗಿತ್ತು.

ಮಗ ಪ್ರಮೋದ ಹತ್ತಿರದ ಕಾರ್ಖಾನೆಯಲ್ಲಿ ಲೇತ್ ನಡೆಸುತ್ತಾನೆ. ಜೊತೆಯ ಕೆಲಸಗಾರನೊಬ್ಬನಿಂದ ಅವನು ಕೊಂಡ ಸಣ್ಣ ಅಲ್ಯೂಮಿನಿಯಂ ದೋಣಿ ಬೇಸಿಗೆಯಿಡೀ ಮನೆಯ ಮುಂದೆ ನೀಲಿ ತಾಡಪತ್ರಿ ಹೊದ್ದು ಮಲಗಿತ್ತು. ಶುಕ್ರವಾರ ಶಿಫ್ಟು ಮುಗಿಸಿ ಬಂದವನು ನನ್ನನ್ನು ಮೀನುಗಾರಿಕೆಯ ಅಂಗಡಿಗೆ ಕರೆದೊಯ್ದ. ನಾವು ಹಿಡಿಯಬೇಕಾದದ್ದು ವಾಲೈ ಎಂಬ ಮೀನು. ಬಂಗಾರದ ಮೈ, ಹಾಲು ತುಂಬಿದಂಥ ಕಣ್ಣು. ಅದರ ರುಚಿ ನಮ್ಮ ಹೊಳೆಯ ಮೀನಿಗೆ ಸಮೀಪವೆಂದು ಅವನ ಅನುಭವ. ಚಳಿ ಬಿದ್ದ ಮೇಲೆ ಅದು ಆಳಕ್ಕೆ ಇಳಿದಿರುತ್ತದೆ. ಕೊಕ್ಕೆಯಿರುವ ಕೃತಕ ಮೀನೊಂದನ್ನು ದಾರಕ್ಕೆ ಕಟ್ಟಿ, ಅದರೆದುರಿಗೆ ಹಾಯುವಂತೆ ದೋಣಿಯ ಹಿಂದೆ ನಿಧಾನವಾಗಿ ಎಳೆದುಕೊಂಡು ಹೋಗಬೇಕು.

ಆಳಕ್ಕೆ ಇಳಿಸುವುದು ಹೇಗೆಂಬುದರಲ್ಲಿ ತಂದೆ ಮಕ್ಕಳಿಗೆ ಒಮ್ಮತವಾಗಲಿಲ್ಲ. ಪ್ರಮೋದನ ಮನಸ್ಸು ದಾರಕ್ಕೆ ಸಿಕ್ಕಿಸುವ, ಡೈವರ್ ಎಂಬ ಪ್ಲಾಸ್ಟಿಕ್ ಬಿಲ್ಲೆಯೊಂದರ ಮೇಲಿತ್ತು. ಅದು ತಾನೂ ಮುಳುಗಿ ಬೆನ್ನಿಗೆ ಬಂದದ್ದನ್ನೂ ಮುಳುಗಿಸುತ್ತದೆ. ನನಗೆ ಹಿಡಿಸಿದ್ದು ಬೆರಳುದ್ದದ, ಬೆಳ್ಳಿ ಹೊಟ್ಟೆಯ ಕೃತಕ ಮೀನೊಂದು. ಅದರ ಬಾಯಿಗೆ ಸೌಟಿನಂತೆ ಮುಂದೆ ಚಾಚಿದ ಪಾರದರ್ಶಕ ತುಟಿ. ಎಳೆದಂತೆಲ್ಲ ಆ ತುಟಿ ನೀರನ್ನು ಒತ್ತುತ್ತದೆ, ಆ ಒತ್ತಡಕ್ಕೇ ಮೀನು ಕೆಳಗಿಳಿಯುತ್ತದೆ. ತನ್ನ ಭಾರದಿಂದಲ್ಲ, ಎದುರಿನ ಪ್ರತಿರೋಧದಿಂದ ಆಳವನ್ನು ಮುಟ್ಟುವ ವಸ್ತು! ಒಳ್ಳೆಯ ಕವಿತೆಗೂ ಇದೇ ಮಾತು ಸಲ್ಲುತ್ತದೆ ಎಂದೆ. ಅಂಗಡಿಯವನು ಇಂಗ್ಲಿಷಿನಲ್ಲಿ ಏನೆಂದು ಕೇಳಿದ. ಅಪ್ಪನಿಗೆ ಇದು ಪಸಂದಾಗಿದೆ ಎಂದಷ್ಟೇ ಪ್ರಮೋದ ಅನುವಾದಿಸಿದ.

ಹೊಸ ಬಲೆಯನ್ನು ನೀರಿಗಿಳಿಸುವ ಮೊದಲು ಪೂಜಿಸುವುದು ನಮ್ಮಲ್ಲಿ ರೂಢಿ. ಶನಿವಾರ ಮುಂಜಾನೆ ಪಾರ್ವತೆವ್ವ ಗ್ಯಾರೇಜಿನ ಮುಂದೆ ದೋಣಿಗೆ ಕುಂಕುಮ ಹಚ್ಚಿದಳು, ಎಂಜಿನ್ನಿಗೆ ಊದುಬತ್ತಿ ಬೆಳಗಿದಳು. ಕೊನೆಗೆ ಹಳದಿ ದಾರಕ್ಕೆ ಅರಿಷಿಣದ ಚೂರೊಂದನ್ನು ಕಟ್ಟಿ, ಬಲೆಯ ಅಂಚಿಗೆ ಕಟ್ಟುವ ಹಾಗೆಯೇ, ಆ ಪುಟ್ಟ ಮೀನಿನ ತುಟಿಗೆ ಬಿಗಿದಳು. ನಾವಿಬ್ಬರೂ ಕೈಮುಗಿದು ನಿಂತಿದ್ದೆವು. ಐಶ್ವರ್ಯಾ ಬಾಗಿಲಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಬರಿಗೈಲೆ ಬಂದರೆ ಬಾಗಿಲು ತೆರೆಯುವುದಿಲ್ಲವೆಂದು ನಗುತ್ತ ಬೆದರಿಸಿದಳು.

ಸಿಮ್ಕೋ ಸರೋವರವನ್ನು ಮುಟ್ಟುವ ಹೊತ್ತಿಗೆ ಬಿಸಿಲೇರಿತ್ತು. ದಡದ ಮೇಪಲ್ ಮರಗಳು ತಮ್ಮ ಕೆಂಪನ್ನು ನೀರಿಗೆ ಓದಿ ಹೇಳುತ್ತಿದ್ದವು. ಪಾರ್ವತೆವ್ವ ಶಾಲು ಹೊದ್ದು, ಅದರ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೀಟು ತೊಟ್ಟು, ನಡುವೆ ರಾಣಿಯ ಗತ್ತಿನಲ್ಲಿ ಕುಳಿತಳು. ಚುಕ್ಕಾಣಿ ಮಗನ ಕೈಯಲ್ಲಿ, ಗಾಳದ ಗಳ ನನ್ನ ಕೈಯಲ್ಲಿ.

ದಾರ ಬಿಟ್ಟೆವು. ನಮ್ಮ ಮೀನು ಮುಳುಗಲೊಲ್ಲದು. ನೀರಿನ ಮೇಲೆಯೇ ಮಗ್ಗುಲಾಗಿ ಮಲಗಿ, ಕುಡಿದವನಂತೆ ಎಡಕ್ಕೆ ಎಡಕ್ಕೆ ವಾಲುತ್ತ ಬಂತು. ವೇಗ ಕಡಿಮೆಯಾಯಿತೆಂದು ಪ್ರಮೋದ ಏರಿಸಿದ. ಅದು ಗಿರಗಿರನೆ ತಿರುಗಿ ದಾರವನ್ನು ಹುರಿ ಮಾಡಿತು. ಹೆಚ್ಚಾಯಿತೆಂದು ನಾನು ಇಳಿಸಲು ಹೇಳಿದೆ, ಸತ್ತಂತೆ ತೇಲಿತು. ಈ ವಾದದಲ್ಲೇ ಮಧ್ಯಾಹ್ನವಾಯಿತು.

“ಯಪ್ಪಾ, ನಾ ನಿನ್ನೆನ ಹೇಳಿದ್ನಿ, ಆ ಡೈವರ್ ತಗೊಳ್ಳೂಣು ಅಂತ. ನೀ ಕವಿತಾ ನೋಡಿ ಮೀನಾ ತಗೊಂಡಿ.”

“ನಿನ್ನ ಸ್ಪೀಡಿಗಿ ತಾಳ ಇಲ್ಲೋ ತಮ್ಮಾ. ಹಾದ್ಯಾಗ ಕಾರ್ ಹೊಡದಂಗ ಹೊಡಿತಿ.”

ಎಂಜಿನ್ನನ್ನು ಶಂಕಿಸಿದೆವು, ದಾರದ ದಪ್ಪವನ್ನು ಶಂಕಿಸಿದೆವು, ತಯಾರಿಸಿದ ಕಂಪನಿಯನ್ನೂ ಶಂಕಿಸಿದೆವು. ಪೂಜೆಯನ್ನು ಶಂಕಿಸುವುದು ಮಾತ್ರ ನಮ್ಮ ಮನೆಯವರ ಬುದ್ಧಿಗೆ ಹೊಳೆಯುವಂಥದಲ್ಲ. ಹುರಿ ಬಿಡಿಸಲೆಂದು ಅದನ್ನು ಅಂಗೈಯಲ್ಲಿ ಹಿಡಿದಾಗಲೇ ಕಂಡೆ: ನೀರು ಕುಡಿದು ಉಬ್ಬಿದ ಅರಿಷಿಣದ ಚೂರು ತುಟಿಯ ಒಂದು ಮಗ್ಗುಲಿಗೆ ಜೋತುಬಿದ್ದಿತ್ತು. ಮೀನು ಮುಳುಗುವುದಾದರೂ ಹೇಗೆ? ಅದರ ಬಾಯಿಗೆ ನಾವು ತಾಳಿ ಕಟ್ಟಿದ್ದೆವು. ಪ್ರಮೋದ ಮೊದಲು ನನ್ನ ಮುಖ ನೋಡಿದ, ಆಮೇಲೆ ತಾಯಿಯ ಮುಖ ನೋಡಿದ.

ಪಾರ್ವತೆವ್ವ ತಾನೇ ಕೈಚಾಚಿ ಗಂಟು ಬಿಚ್ಚಿದಳು. ದಾರವನ್ನು ಸರೋವರಕ್ಕೆ ಬಿಟ್ಟು ಹೇಳಿದಳು: “ಗಂಗವ್ವಗ ಮುಟ್ಟಬೇಕಿತ್ತು, ಮುಟ್ಟಿತು. ನೀವಿಬ್ರೂ ಮುಂಜಾನಿಂದ ಕಣ್ಣ ಮುಚಗೊಂಡು ಕುಂತೀರೇನು?”

ತುಟಿ ಬಿಡುಗಡೆಯಾದ ಮೀನು ಒಮ್ಮೆ ತಲೆ ಬಾಗಿಸಿ ನೀರಿನೊಳಗೆ ಮಾಯವಾಯಿತು. ಗಳದ ತುದಿಯಲ್ಲಿ ಅದರ ಒದ್ದಾಟ ಸಣ್ಣಗೆ ಮಿಡಿಯತೊಡಗಿತು. ಇನ್ನು ವೇಗ ಒಂದೇ ಸಮವಾಗಿರಲಿ, ಗಂಟೆಗೆ ಎರಡು ಮೈಲಿ, ಮಾತ್ರೆ ತಪ್ಪದಂತೆ ಎಂದು ನಾನು ಕಟ್ಟಪ್ಪಣೆ ಮಾಡಿದೆ. ಮಗ ಫೋನಿನಲ್ಲಿ ಅಂಕಿ ನೋಡುತ್ತ ಹಾಗೆಯೇ ನಡೆಸಿದ. ಕೊಲ್ಲಿಯ ಉದ್ದಕ್ಕೂ ಹೋದೆವು, ಬಂದೆವು. ಯಾವ ಮೀನೂ ಮೂಸಲಿಲ್ಲ. ಬಿಸಿಲು ಇಳಿಮುಖವಾಯಿತು. ನಾಳೆ ಐಶ್ವರ್ಯಾಳ ತಟ್ಟೆಯಲ್ಲಿ ಏನಿರುತ್ತದೆಂದು ನೆನೆದು ನಾನು ಇನ್ನಷ್ಟು ದಾರ ಬಿಟ್ಟೆ.

ಅಷ್ಟರಲ್ಲಿ ಪಾರ್ವತೆವ್ವ ಚಹಾ ಬಗ್ಗಿಸಿದಳು. ಲೋಟ ಈಸಿಕೊಳ್ಳಲು ಪ್ರಮೋದ ತಿರುಗಿದ; ಅವನ ಕೈಯೊಡನೆ ದೋಣಿಯೂ ಬಾಗಿತು, ಎಂಜಿನ್ನು ಗೊರಗುಟ್ಟಿ ತಗ್ಗಿತು. ಆ ತಿರುವಿನಲ್ಲಿ ಗಳದ ಮಿಡಿತ ತಡವರಿಸಿ ಒಂದು ಕ್ಷಣ ನಿಂತಿತು. ನಿಂತಲ್ಲಿಯೇ ಗಳ ಬಾಗಿ ನೀರು ಮುಟ್ಟಿತು.

ಆಯುಷ್ಯವಿಡೀ ತರಗತಿಯಲ್ಲಿ ಹೇಳುತ್ತ ಬಂದ ಮಾತು ಅದು: ಹೊಸ ಕಾವ್ಯದ ಜೀವ ಅದರ ಸಮಗತಿಯಲ್ಲಿಲ್ಲ, ಎಡವಿ ನಿಲ್ಲುವ ತಾಣದಲ್ಲಿದೆ. ದೋಣಿ ಹತ್ತಿದ ಕೂಡಲೇ ಅದನ್ನು ಮರೆತು ಹಳೆಯ ಛಂದಸ್ಸಿನ ಮೇಷ್ಟ್ರಾಗಿಬಿಟ್ಟಿದ್ದೆ. ಪಶ್ಚಾತ್ತಾಪಕ್ಕೆ ಸಮಯವಿರಲಿಲ್ಲ. ಗಳ ನನ್ನನ್ನೇ ಎಳೆಯುತ್ತಿತ್ತು. ಮಗ ನನ್ನ ನಡು ಹಿಡಿದುಕೊಂಡ, ಪಾರ್ವತೆವ್ವ ಕೈಬಲೆ ಒಡ್ಡಿದಳು. ನೀರಿನ ಕಪ್ಪಿನಿಂದ ಬಂಗಾರದ ಬೆನ್ನೊಂದು ಎದ್ದು ಬಂತು, ಮೊಳಕ್ಕಿಂತ ಉದ್ದ.

ಬಲೆಯನ್ನು ನೀರಿನಲ್ಲೇ ಇಟ್ಟು ಅವಳು ಮೀನಿನ ಹೊಟ್ಟೆಯನ್ನು ಹೆಬ್ಬೆರಳಿನಿಂದ ಮೆಲ್ಲನೆ ಸವರಿದಳು. ಅವಳ ನಗು ನಿಂತಿತು. “ತತ್ತಿ ತುಂಬ್ಯಾವು” ಎಂದಳು. “ಬಸುರಿ ಮನ್ಯಾಗ ಇಂಥಾ ಮೀನ ಕೊಯ್ಯೂದಿಲ್ಲ.”

ಪ್ರಮೋದ ನನ್ನ ನಡು ಬಿಟ್ಟ. ಹೊತ್ತು ಮುಳುಗಲು ಬಂದಿದೆ, ನಾಳೆ ಕುಬಸ, ಇದೊಂದು ಸಲ ನಡೆಯಲಿ ಎಂದು ತಾಯಿಯನ್ನು ಕೇಳಿಕೊಂಡ. ಕೊಟ್ಟ ಮಾತು ನನ್ನದು. ಬಯಕೆ ಯಾರದೋ ಅವರನ್ನೇ ಕೇಳೋಣವೆಂದೆ. ಪ್ರಮೋದ ಫೋನು ಹಚ್ಚಿ, ಬಲೆಯೊಳಗಿನ ಮೀನನ್ನು ಹೆಂಡತಿಗೆ ತೋರಿಸಿ, ತತ್ತಿಯ ಸಂಗತಿಯನ್ನೂ ಹೇಳಿದ.

“ಮಾವಾರ, ಅದನ್ನ ಬಿಡ್ರಿ” ಎಂದಳು ಐಶ್ವರ್ಯಾ. “ಪಾಪ, ನನ್ನಂಗನ ಏದಸಾಕತ್ತೈತಿ. ಆದ್ರ ನಾ ಉಪವಾಸ ಕುಂದ್ರಾಕಿ ಅಲ್ಲ ಮತ್ತ. ಇನ್ನೊಂದ್ ರೌಂಡ್ ಹೊಡೀರಿ, ಅದರ ಗಂಡನ್ನ ಹಿಡಕೊಂಡ ಬರ್ರಿ.”

ದೋಣಿ ಅಲುಗುವಷ್ಟು ನಕ್ಕೆವು. ಪಾರ್ವತೆವ್ವ ಎರಡೂ ಕೈಗಳಲ್ಲಿ ಮೀನನ್ನು ನೀರೊಳಗೆ ಹಿಡಿದು, ಅದು ಬಾಲ ಬಡಿಯುವ ತನಕ ಕಾದು ಬಿಟ್ಟಳು.

ಈ ಸಲ ಅಂಕಿ ನೋಡುವವರು ಯಾರೂ ಇರಲಿಲ್ಲ. ಪ್ರಮೋದ ಹಾವಿನ ನಡೆಯಲ್ಲಿ ದೋಣಿ ತಿರುಗಿಸಿದ. ನಾನು ಹೂಂ ಎಂದಾಗ ತಗ್ಗಿಸಿದ, ಹಾಂ ಎಂದಾಗ ಏರಿಸಿದ. ನೀರು ತಾಮ್ರದ ಬಣ್ಣಕ್ಕೆ ತಿರುಗುವಾಗ, ನನ್ನದೊಂದು ಹೂಂಗೆ ದೋಣಿ ಬಳುಕಿ ತಗ್ಗಿದ ತಿರುವಿನಲ್ಲಿ, ಗಳ ಮತ್ತೆ ಬಾಗಿತು. ತೆಳ್ಳನೆಯ ಹೊಟ್ಟೆಯ, ಸಿಟ್ಟಿನ ಕಣ್ಣಿನ ಮೀನು. ಹೆಬ್ಬೆರಳಾಡಿಸಿ ನೋಡಿ ಪಾರ್ವತೆವ್ವ ತಲೆಯಾಡಿಸಿದಳು. ಗಂಡೇ.

ಮರುದಿನ ಐಶ್ವರ್ಯಾ ಹಸಿರು ಸೀರೆಯುಟ್ಟು, ಹಸಿರು ಕುಬಸ ತೊಟ್ಟು, ಮುತ್ತೈದೆಯರ ನಡುವೆ ಕುಳಿತಳು. ಹುಬ್ಬಳ್ಳಿಯವರು, ಬೆಳಗಾವಿಯವರು, ಮಿಸಿಸಾಗದಿಂದ ಬಂದವರು ಹಾಡು ಹೇಳಿದರು. ಹುಣಸೆಹುಳಿ ಹಾಕಿ ಕುದಿಸಿದ ಮೀನಿನ ಸಾರನ್ನು ಪಾರ್ವತೆವ್ವ ಸೊಸೆಯ ತಟ್ಟೆಗೆ ಬಡಿಸಿ ದೂರ ನಿಂತು ನೋಡಿದಳು. ನಾನಂತೂ ಅಡುಗೆಮನೆಯ ಬಾಗಿಲ ಮರೆಯಲ್ಲಿದ್ದೆ. ಐಶ್ವರ್ಯಾ ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಮುಳ್ಳುಗಳನ್ನು ತಟ್ಟೆಯ ಅಂಚಿಗೆ ಒಂದೊಂದಾಗಿ ಸಾಲಾಗಿಡುತ್ತ ಉಂಡು ಮುಗಿಸಿದಳು. ಆಮೇಲೆ ತಲೆಯೆತ್ತದೆಯೇ ತಟ್ಟೆಯನ್ನು ಅತ್ತೆಯ ಕಡೆಗೆ ಇನ್ನೊಮ್ಮೆ ಚಾಚಿದಳು.